ಗಂಜಿಗೆ ಒಂದು ಹಿಡಿ ಉಪ್ಪು

ಆಂಬ್ರೋಸ್ ಲಿಡ್ಜೆಟ್ ಮೊದಲ ಸಲ ನಮ್ಮ ಮನೆ ಬಾಗಿಲಿಗೆ ಬಂದದ್ದು ಹೆಣ್ಣು ಕೇಳೋದಕ್ಕಲ್ಲ, ಬಟ್ಟೆಗೆ ಹಾಕುವ ಗಂಜಿ ಮಾಡೋದು ಹೇಗೆ ಅಂತ ಕೇಳೋದಕ್ಕೆ. ಅದು ೧೯೧೧ರ ಚಳಿಗಾಲ, ಸೋಮವಾರ. ಸೋಮವಾರ ಅಂದರೆ ನಮ್ಮ ತಾರಾನಾಕಿ ಜಿಲ್ಲೆಯ ಎಲ್ಲ ಮನೆಗಳಲ್ಲೂ ಬಟ್ಟೆ ಒಗೆಯುವ ದಿನ. ನಾನು ಊರವರ ಬಟ್ಟೆ ಒಗೆದುಕೊಡುವವಳು. ಪಾದ್ರಿಗಳ ಕಾಲರ್, ಬ್ಯಾಂಕಿನವರ ಅಂಗಿತೋಳಿನ ಕಫ್, ಹೋಟೆಲಿನ ಮೇಜುಬಟ್ಟೆ ಎಲ್ಲ ಒಟ್ಟಿಗೆ ಬಂದು ಬಿದ್ದಿರುತ್ತಿತ್ತು. ಆ ದಿನ ಯಾರಾದರೂ ಮಾತಾಡಿಸಿದರೆ ಬಿಸಿನೀರು ಎರಚುವಷ್ಟು ಸಿಡುಕು ನನಗೆ.

ಹಿತ್ತಲ ಬಾಗಿಲಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಉದ್ದನೆಯ ಆಳು, ಮೊಣಕೈವರೆಗೂ ಎಣ್ಣೆ ಮಸಿ.

“ಮಿಸ್ ಪೆನ್‌ಹೇಲ್, ಪಾದ್ರಿಗಳ ಕಾಲರ್‌ಗೆ ಗಂಜಿ ಹಾಕೋದು ನೀವೇ ಅಲ್ವಾ?”

“ಹೌದು. ಏನೀಗ? ಅವರ ಕುತ್ತಿಗೆ ಕೊಯ್ತಂತಾ?”

“ಅಯ್ಯೋ ಇಲ್ಲ. ನಿನ್ನೆ ಪ್ರಾರ್ಥನೆ ಮುಗಿಯೋವರೆಗೂ ಅದನ್ನೇ ನೋಡ್ತಾ ಕೂತಿದ್ದೆ. ನರಕದ ಬಗ್ಗೆ ಕೂಗಿ ಕೂಗಿ ಅಷ್ಟು ಬೆವರಿದ್ರೂ ಕಾಲರ್ ಮೆತ್ತಗಾಗಲೇ ಇಲ್ಲ. ನನ್ನ ರೆಕ್ಕೆ ಹಾಗೆ ನಿಲ್ಲಬೇಕು.”

“ಯಾರ ರೆಕ್ಕೆ?”

“ನಂದು,” ಅಂದ. ನಮ್ಮ ಕಡೆಯವರು ನನ್ನ ಗಾಡಿ, ನನ್ನ ಕುದುರೆ ಅನ್ನುವಷ್ಟೇ ಸಲೀಸಾಗಿ.

ಅವನು ಯಾರೆಂದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಹಾಲು ಕಡೆಯುವ ಯಂತ್ರ ಕೆಟ್ಟರೆ ಇಡೀ ಜಿಲ್ಲೆ ಅವನನ್ನೇ ಕರೆಸುತ್ತಿತ್ತು, ರಿಪೇರಿ ಆದ ಮೇಲೆ ಅವನ ಬೆನ್ನ ಹಿಂದೆ ತಲೆಕೆಟ್ಟ ಲಿಡ್ಜೆಟ್ ಅನ್ನುತ್ತಿತ್ತು. ನನ್ನ ಅಣ್ಣ ಸೈಲಾಸನ ಹುಲ್ಲುಗಾವಲಿನ ಮೂಲೆಯಲ್ಲಿ, ಒಂದು ಹಳೇ ಕೊಟ್ಟಿಗೆಯಲ್ಲಿ, ಬಿದಿರು ಮತ್ತು ತಂತಿಯಿಂದ ವಿಮಾನ ಕಟ್ಟುತ್ತಿದ್ದ. ಒಮ್ಮೆ ಬೇಲಿಗೆ ಹೋಗಿ ಗುದ್ದಿದ್ದ, ಇನ್ನೊಮ್ಮೆ ಯಂತ್ರ ಸಮೇತ ಕೊಳದಲ್ಲಿ ಕೂತಿದ್ದ. ನೆಲದಿಂದ ಮೇಲೆ ಎದ್ದದ್ದಂತೂ ಯಾರೂ ನೋಡಿರಲಿಲ್ಲ.

ಬಿಸಿನೀರಿಂದ ತೆಗೆದ ನನ್ನ ತೋಳುಗಳಿಂದ ಚಳಿಗೆ ಆವಿ ಏಳುತ್ತಿತ್ತು. ಅವನು ಗಂಜಿ ಪಾತ್ರೆ ನೋಡುವುದು ಬಿಟ್ಟು ಅದನ್ನೇ ನೋಡುತ್ತಿದ್ದ. ನಾನು ನೋಡಿದ್ದು ಗೊತ್ತಾಗಿ ಕಿವಿ ಕೆಂಪಾಯಿತು ಅವನಿಗೆ. ಮೂವತ್ತೊಂದು ವರ್ಷದ ಅಗಸಗಿತ್ತಿಯನ್ನು ನೋಡಿ ಗಂಡಸೊಬ್ಬನ ಕಿವಿ ಕೆಂಪಾಗುವುದು ದಿನನಿತ್ಯದ ಸಂಗತಿಯಲ್ಲ. ನಾನು ಸೋಪಿನ ಕೈ ಒರೆಸಿಕೊಂಡು ಒಳಗೆ ಬನ್ನಿ ಅಂದೆ.

ಆಮೇಲೆ ಬಂದೇ ಬಂದ. ಗಂಜಿ ಗಂಟಾಯ್ತು ಅಂತ ಒಮ್ಮೆ, ತೆಳುವಾಯ್ತು ಅಂತ ಒಮ್ಮೆ, ಏನೂ ಆಗದೆ ಸುಮ್ಮನೆ ಮೂರು ಸಲ.

“ಯಂತ್ರದ ಹಲ್ಲಿನ ಲೆಕ್ಕವೆಲ್ಲ ನಿಮ್ಮ ತಲೇಲಿದೆ, ಒಂದು ಪಾತ್ರೆ ಗಂಜಿ ಕಲಸೋಕೆ ಬರಲ್ವಾ?” ಅಂತ ರೇಗಿಸಿದೆ.

“ಬರುತ್ತೆ. ಎರಡನೇ ದಿನಾನೇ ಬಂತು.”

“ಮತ್ತೆ?”

“ಮತ್ತೆ ಬರೋಕೆ ಬೇರೆ ಕಾರಣ ಸಿಗಲಿಲ್ಲ,” ಅಂದು ಸೌಟಿನ ಕಡೆ ನೋಡಿದ.

ಆ ದಿನದಿಂದ ನಾನು ಅವನಿಗೆ ಡೋರ್ಕಸ್ ಆದೆ, ಅವನು ನನಗೆ ಆಂಬ್ರೋಸ್. ಸೆಪ್ಟೆಂಬರ್ ಹೊತ್ತಿಗೆ ಗಂಜಿ ಮಾಡುವುದು ನನ್ನ ಕೆಲಸವೇ ಆಗಿತ್ತು. ರೆಕ್ಕೆಗೆ ಕ್ಯಾಲಿಕೋ ಬಟ್ಟೆ ಬಿಗಿದು, ಎರಡು ಕಡೆ ಇಬ್ಬರೂ ನಿಂತು ಬ್ರಷ್‌ನಿಂದ ಗಂಜಿ ಬಳಿಯುತ್ತಿದ್ದೆವು. ಮಧ್ಯದಲ್ಲಿ ಬ್ರಷ್‌ಗಳು ಸೇರುವಲ್ಲಿ ಅವನು ಬೇಕೆಂದೇ ನಿಧಾನ ಮಾಡುತ್ತಿದ್ದ. ನಾನೂ ಮಾಡುತ್ತಿದ್ದೆ. ಸುಳ್ಳು ಯಾಕೆ ಹೇಳಲಿ.

ನನ್ನ ಮದುವೆ ಪೆಟ್ಟಿಗೆಯ ವಿಷಯ ಇಲ್ಲಿ ಹೇಳಬೇಕು. ನಮ್ಮಲ್ಲಿ ಹುಡುಗಿ ಸೂಜಿ ಹಿಡಿದ ದಿನದಿಂದ ಅದನ್ನು ತುಂಬುತ್ತಾಳೆ. ನನ್ನದರಲ್ಲಿ ಎಂಟು ಲಿನನ್ ದುಪ್ಪಟಿಗಳಿದ್ದವು. ಪ್ರತಿಯೊಂದರ ಮೂಲೆಯಲ್ಲೂ ನೀಲಿ ದಾರದಲ್ಲಿ ನನ್ನ ಹೆಸರಿನ ಮೊದಲ ಅಕ್ಷರ ಕಸೂತಿ ಮಾಡಿದ್ದೆ. ಅದರ ಪಕ್ಕದಲ್ಲಿ ಒಂದು ಅಕ್ಷರದಷ್ಟು ಜಾಗ ಖಾಲಿ. ಅದು ಗಂಡನ ಮನೆತನದ ಹೆಸರಿಗೆ. ಮದುವೆ ಗೊತ್ತಾದ ಮೇಲೆ ಅದನ್ನು ಹೊಲಿಯುವುದು, ಮದುವೆಯಾದ ಮೇಲೆ ದುಪ್ಪಟಿ ಹಾಸುವುದು. ಅಲ್ಲಿಯವರೆಗೆ ಅದನ್ನು ಹೊರಗಿನವರು ಕಾಣುವಂತಿಲ್ಲ.

ಆರು ವರ್ಷದ ಹಿಂದೆ ಆ ಜಾಗಕ್ಕೆ ಅಕ್ಷರ ಗೊತ್ತಾಗಿತ್ತು, ಇನ್ನೂ ಹೊಲಿದಿರಲಿಲ್ಲ ಅಷ್ಟೇ. ಜೆತ್ರೋ ಅಂತ, ಒಳ್ಳೆಯ ಹುಡುಗ. ಒಂದು ಭಾನುವಾರ ನಮ್ಮ ಮನೆಗೆ ಟೀಗೆ ಬರುತ್ತಾ ಕುದುರೆ ಮೇಲೆ ಹೊಳೆ ದಾಟಿದ. ಮೇಲೆ ಬೆಟ್ಟದಲ್ಲಿ ಮಳೆ ಬಿದ್ದಿತ್ತು. ನಾನು ಮೇಜಿನ ಮುಂದೆ ಕೂತೇ ಇದ್ದೆ, ಕೇಕ್ ಒಣಗುವವರೆಗೆ. ಮೂರನೇ ದಿನ ಅವನು ಹೆಣವಾಗಿ ಸಿಕ್ಕಿದ. ಅಂದಿನಿಂದ ಆ ಹೊಳೆಗೆ ನಾನು ಕಾಲಿಟ್ಟಿರಲಿಲ್ಲ, ಎರಡು ಮೈಲಿ ಸುತ್ತಿ ಸೇತುವೆ ಮೇಲೆ ಹೋಗುತ್ತಿದ್ದೆ. ಯಾವ ಗಂಡಸಿಗೂ ಮತ್ತೆ ಹಾಗೆ ಕಾಯುತ್ತಾ ಕೂರುವುದಿಲ್ಲ ಅಂತ ನಿರ್ಧಾರ ಮಾಡಿದ್ದೆ.

ಹೀಗಿರುವಾಗ ಒಂದು ಗುರುವಾರ ಮಧ್ಯಾಹ್ನ ಆಂಬ್ರೋಸ್ ಕೇಳಿಯೇಬಿಟ್ಟ. ಕೊನೆಯ ಸಲದ ಗಂಜಿ ಬಿಟ್ಟರೆ ಯಂತ್ರ ಸಿದ್ಧವಾಗಿತ್ತು. ಶನಿವಾರ ಹಾರುವುದು ಅಂತ ಊರಿಗೆಲ್ಲ ಹೇಳಿಯಾಗಿತ್ತು, ಏಕೆಂದರೆ ಎಂಜಿನ್ ವೆಲಿಂಗ್ಟನ್ ಪಟ್ಟಣದಲ್ಲಿದ್ದ ಅವನ ಗೆಳೆಯನದು, ಸೋಮವಾರದ ಹಡಗಿಗೆ ಅದು ವಾಪಸ್ ಹೋಗಬೇಕು.

“ಡೋರ್ಕಸ್, ಹಾರಿ ಇಳಿದ ಮೇಲೆ ನಿನ್ನನ್ನ ಒಂದು ಮಾತು ಕೇಳೋದಿದೆ.”

“ಹಾರೋದಕ್ಕೆ ಮುಂಚೆ ಕೇಳು.”

ಕೇಳಿದ. ನನಗೆ ಹೌದು ಅನ್ನಬೇಕು ಅಂತ ಮೈಯೆಲ್ಲ ಅನ್ನಿಸಿತು. ಬಾಯಿಗೆ ಬಂದದ್ದು ಬೇರೆ.

“ಹಾರೋದು ಬಿಡು, ನಾಳೆಯೇ ಪಾದ್ರಿಗಳ ಹತ್ತಿರ ಹೋಗೋಣ. ಹಾರ್ತೀಯ ಅಂದ್ರೆ ನನ್ನನ್ನ ಕೇಳಬೇಡ. ಇನ್ನೊಂದು ಸಲ ಕಾಯೋ ಶಕ್ತಿ ನನಗಿಲ್ಲ.”

“ಒಂದೇ ಒಂದು ಸಲ, ಡೋರ್ಕಸ್.”

“ಜೆತ್ರೋ ಆ ಹೊಳೆ ಎಷ್ಟೋ ಸಲ ದಾಟಿದ್ದ, ಮುಳುಗೋಕೆ ಒಂದೇ ಸಲ ಸಾಕಾಯ್ತು. ಕೊನೇದು ಯಾವುದು ಅಂತ ಯಾರಿಗೆ ಗೊತ್ತಿರುತ್ತೆ?”

ಅವನು ಬ್ರಷ್ ತೊಳೆದಿಟ್ಟು ಹೊರಟುಹೋದ. ನಾನು ಉಳಿದ ಗಂಜಿಯನ್ನು ರೆಕ್ಕೆಗೆ ಬಳಿದು ಮುಗಿಸಿದೆ. ಸಿಟ್ಟಿದ್ದರೂ ಹಿಡಿದ ಕೆಲಸ ಅರ್ಧಕ್ಕೆ ಬಿಡುವವಳಲ್ಲ ನಾನು.

ಶುಕ್ರವಾರ ಬೆಳಗ್ಗೆ ಅತ್ತಿಗೆ ಹೆಪ್ಸಿ ಹಾಲಿನ ಬಕೆಟ್ ಹಿಡಿದೇ ಓಡಿಬಂದಳು. “ಡೋರ್ಕಸ್, ದನಗಳು ವಿಮಾನ ತಿಂತಿದಾವೆ!”

ನಿಜವೇ. ಡಚೆಸ್ ಅನ್ನುವ ಜರ್ಸಿ ಹಸು, ಎಲ್ಲ ತುಂಟತನಕ್ಕೂ ಅದೇ ಮುಂದಾಳು, ಕೊಟ್ಟಿಗೆಯ ಬಾಗಿಲ ಅಡ್ಡಪಟ್ಟಿಗಳನ್ನು ತಳ್ಳಿ ಬಳಗವನ್ನೆಲ್ಲ ಒಳಗೆ ಕರೆದುಕೊಂಡು ಬಂದಿತ್ತು. ಎಡಗಡೆ ರೆಕ್ಕೆಯಲ್ಲಿ ಬಿದಿರಿನ ಪಕ್ಕೆಲುಬು ಬಿಟ್ಟು ಏನೂ ಉಳಿದಿರಲಿಲ್ಲ. ಬಟ್ಟೆಯ ಕೊನೆಯ ಚೂರು ಡಚೆಸ್‌ನ ಬಾಯಿಂದ ನಾಲಿಗೆಯಷ್ಟೇ ಉದ್ದ ಹೊರಗೆ ನೇತಾಡುತ್ತಿತ್ತು.

ಆಂಬ್ರೋಸ್ ಆಗಲೇ ಬಂದು ನಿಂತಿದ್ದ. ಬಿದಿರಿಗೆ ಅಂಟಿ ಉಳಿದ ಗಂಜಿಯನ್ನು ಬೆರಳಿಂದ ಒರೆಸಿ ನಾಲಿಗೆಗೆ ಇಟ್ಟುಕೊಂಡ.

“ಗಂಜಿಗೆ ಏನು ಹಾಕಿದ್ದೆ?”

“ಏನು ಹಾಕ್ತಾರೆ, ಸಬ್ಬಕ್ಕಿ ಹಿಟ್ಟು ಮತ್ತೆ ನೀರು. ಒಂದು ಹಿಡಿ ಉಪ್ಪು.”

“ಉಪ್ಪು ಯಾಕೆ?”

“ಇಸ್ತ್ರಿಪೆಟ್ಟಿಗೆ ಅಂಟಬಾರದು ಅಂತ. ಎಲ್ಲರೂ ಹಾಕ್ತಾರೆ. ನಮ್ಮಮ್ಮ ಹಾಕ್ತಿದ್ಲು.”

“ರೆಕ್ಕೆಗೆ ಇಸ್ತ್ರಿ ಮಾಡ್ತಿದ್ವಾ, ಡೋರ್ಕಸ್?”

ಹದಿನೈದು ವರ್ಷದಿಂದ ಗಂಜಿ ಕುದಿ ಬಂದ ಕೂಡಲೇ ನನ್ನ ಕೈ ಉಪ್ಪಿನ ಡಬ್ಬಿಗೆ ಹೋಗುತ್ತದೆ, ತಲೆಯನ್ನು ಕೇಳುವುದಿಲ್ಲ. ಉಪ್ಪಿಗಾಗಿ ಹಸು ಗೋಡೆಯನ್ನೂ ನೆಕ್ಕುತ್ತದೆ ಅಂತ ದನದ ಮನೆಯಲ್ಲಿ ಹುಟ್ಟಿದ ನನಗೆ ಹೊಳೆಯಬೇಕಿತ್ತು.

ಆಮೇಲೆ ಅವನು ಮೆಲ್ಲಗೆ ಕೇಳಿದ. “ಬೇಕೂ ಅಂತ ಹಾಕಿದ್ಯಾ?”

“ಏನಂದೆ?”

“ನಿನ್ನೆ ಹಾರಬೇಡ ಅಂದೆ. ಅದಕ್ಕೇ ಕೇಳಿದೆ.”

“ಹಾರಬೇಡ ಅಂತ ನಿನ್ನ ಮುಖಕ್ಕೇ ಹೇಳಿದ ಮೇಲೆ ದನಗಳ ಕೈಲಿ ಹೇಳಿಸೋ ಗತಿ ನನಗೇನಿತ್ತು?” ಅಂದು ಸರಸರ ಮನೆಗೆ ಬಂದೆ. ಬಾಗಿಲು ಹಾಕಿಕೊಂಡೆ. ಒಂದು ವಿಷಯ ಅವನಿಗೆ ಹೇಳಿರಲಿಲ್ಲ. ಬರೀ ಬಿದಿರಾಗಿದ್ದ ರೆಕ್ಕೆ ಕಂಡ ಕ್ಷಣ ನನಗೆ ಖುಷಿಯಾಗಿತ್ತು. ಇನ್ನು ಅವನು ಎಲ್ಲಿಗೂ ಹೋಗೋಲ್ಲ, ನೆಲದ ಮೇಲೇ ಇರ್ತಾನೆ, ನನ್ನವನಾಗಿರ್ತಾನೆ ಅಂತ.

ಖುಷಿ ಇಳಿದ ಮೇಲೆ ಅವನ ಮುಖ ನೆನಪಾಯಿತು. ಐದು ವರ್ಷ ಕಟ್ಟಿದ ಯಂತ್ರದ ಮುಂದೆ ನಿಂತು ಬೆರಳಿನ ಉಪ್ಪು ನೆಕ್ಕುತ್ತಿದ್ದ ಮುಖ. ಹಾಗೆ ರೆಕ್ಕೆ ಕಳೆದುಕೊಂಡವನನ್ನು ಕಟ್ಟಿಕೊಂಡು ನಾನು ಮಾಡುವುದಾದರೂ ಏನು? ಊರಿನ ಅಂಗಡಿಯಲ್ಲಿ ಬಟ್ಟೆಯಿಲ್ಲ, ಹೊಸ ಮಾಲು ಬರಲು ಇನ್ನೂ ಎರಡು ವಾರ. ನನ್ನ ಮಂಚದ ಕೆಳಗೆ ಎಂಟು ದುಪ್ಪಟಿ.

ಪೆಟ್ಟಿಗೆಯ ಬೀಗ ತುಕ್ಕು ಹಿಡಿದಿತ್ತು. ಸುತ್ತಿಗೆಯಿಂದ ಒಡೆದೆ.

ದುಪ್ಪಟಿಗಳನ್ನು ಹೆಗಲ ಮೇಲೆ ಹೊತ್ತು ಹುಲ್ಲುಗಾವಲಿಗೆ ಹೋದಾಗ ಅವನು ಎಂಜಿನ್ನಿನ ಬೋಲ್ಟ್ ಬಿಚ್ಚಲು ಶುರುಮಾಡಿದ್ದ.

“ಬಿಚ್ಚಬೇಡ. ಹೊಲಿಯೋಣ.”

ಅವನು ಬಟ್ಟೆ ನೋಡಿದ, ಮೂಲೆಯ ನೀಲಿ ಅಕ್ಷರ ನೋಡಿದ. “ಇದು ಏನು ಅಂತ ನನಗೆ ಗೊತ್ತು, ಡೋರ್ಕಸ್. ಇದನ್ನ ನಾನು ತಗೊಳಲ್ಲ.”

“ನೀನು ತಗೊಳ್ತಿಲ್ಲ. ನಾನು ಕೊಡ್ತಿದೀನಿ. ಹಸು ತಿಂದಿದ್ದು ನನ್ನ ಉಪ್ಪಿಗೆ.”

“ಬೆಳಗ್ಗೆ ನಾನು ಹಾಗೆ ಕೇಳಬಾರದಿತ್ತು.”

“ಕೇಳಬಾರದಿತ್ತು. ಆದ್ರೆ ಹೀಗಾಗಿದ್ದಕ್ಕೆ ನನಗೆ ಒಳಗೊಳಗೇ ಸಂತೋಷವಾಯ್ತು, ಅದೂ ಆಗಬಾರದಿತ್ತು. ಸೂಜಿಗೆ ದಾರ ಹಾಕು, ಬೆಳಕಿರೋವಾಗ ಮುಗಿಸ್ಬೇಕು.”

ಆರು ದುಪ್ಪಟಿ ಹಿಡಿಯಿತು. ಅಕ್ಷರಗಳನ್ನು ಒಳಗೆ ಮಡಚೋಣ ಅಂದುಕೊಂಡೆ, ಅಳತೆ ಸಾಲಲಿಲ್ಲ. ರೆಕ್ಕೆಯ ಕೆಳಬದಿಯಲ್ಲಿ ಸಾಲಾಗಿ ಆರೂ ಕಾಣುತ್ತಿದ್ದವು. ಹೆಪ್ಸಿ ಬಂದು ನೋಡಿ ಸೊಂಟದ ಮೇಲೆ ಕೈಯಿಟ್ಟಳು.

“ಚೆನ್ನಾಗಿದೆ ಕಣೇ. ಮದುವೆಗೆ ಮುಂಚೆನೇ ಊರಿಗೆಲ್ಲ ಹಾಸಿಗೆ ತೋರಿಸ್ತಿದೀಯಲ್ಲ!”

“ಆ ಕಡೆ ತುದಿ ಹಿಡ್ಕೊ,” ಅಂದೆ. ಹಿಡಿದುಕೊಂಡಳು. ಗಂಜಿ ಕುದಿಯುವಾಗ ನನ್ನ ಕೈ ತಾನಾಗಿ ಡಬ್ಬಿಯ ಕಡೆ ಹೋಯಿತು. ಆಂಬ್ರೋಸ್ ನನ್ನ ಮಣಿಕಟ್ಟು ಹಿಡಿದ, ಡಬ್ಬಿಯನ್ನು ಹೆಪ್ಸಿ ಒಯ್ದಳು. ಅವನು ಮಾತ್ರ ಮಣಿಕಟ್ಟು ಬಿಡಲು ಸ್ವಲ್ಪ ಹೊತ್ತು ತೆಗೆದುಕೊಂಡ. ಬಲ ರೆಕ್ಕೆಗೆ ಹಳೇ ಉಪ್ಪಿನ ಗಂಜಿಯೇ ಇತ್ತಲ್ಲ, ಅದಕ್ಕೆ ಸೈಲಾಸ್ ಕೋಲು ಹಿಡಿದು ಕಾವಲು ಕೂತ.

ಶನಿವಾರ ಬೆಳಗ್ಗೆ ಊರಿನ ಬೆಣ್ಣೆ ಫ್ಯಾಕ್ಟರಿಗೆ ಹಾಲು ಹಾಕಿದವರೆಲ್ಲ ಖಾಲಿ ಕ್ಯಾನುಗಳ ಸಮೇತ ಗಾಡಿ ಹೊಡೆದುಕೊಂಡು ನಮ್ಮ ಬೇಲಿಗೆ ಬಂದರು. ನಗುವುದಕ್ಕೇ ಬಂದದ್ದು, ಅದರಲ್ಲಿ ಮುಚ್ಚುಮರೆಯಿಲ್ಲ. ಎಂಜಿನ್ ಕೆಮ್ಮಿ, ಕೀಲಿಗೆ ಹಾಕಿದ್ದ ಹರಳೆಣ್ಣೆ ಉಗುಳಿ, ಗುಡುಗತೊಡಗಿತು. ಆಂಬ್ರೋಸ್ ನನ್ನ ಕಡೆ ನೋಡಿದ. ಹೋಗು ಅಂತ ತಲೆಯಾಡಿಸಿದೆ. ನನ್ನ ಜೀವನದಲ್ಲಿ ನಾನು ಮಾಡಿದ ಅತಿ ಕಷ್ಟದ ಕೆಲಸ ಅದು.

ಯಂತ್ರ ಹುಲ್ಲಿನ ಮೇಲೆ ಕುಪ್ಪಳಿಸಿತು, ಮತ್ತೆ ಕುಪ್ಪಳಿಸಿತು, ಆಮೇಲೆ ಕುಪ್ಪಳಿಸಲಿಲ್ಲ. ಗಾಲಿಗಳ ಕೆಳಗೆ ಬೆಳಕು ಕಂಡಿತು. ಮೇಲೆ ಹೋಯಿತು, ಗಾಡಿಗಳಿಗಿಂತ ಮೇಲೆ, ಬೇಲಿಗಿಂತ ಮೇಲೆ. ನಗುತ್ತಿದ್ದವರ ಬಾಯಿ ತೆರೆದೇ ಉಳಿಯಿತು. ತಲೆಯ ಮೇಲೆ ನನ್ನ ಆರು ನೀಲಿ ಅಕ್ಷರಗಳು ಹಾದುಹೋದವು, ಜಿಲ್ಲೆಯ ಎಲ್ಲರೂ ಓದಿಕೊಂಡರು. ಯಾರೋ ಟೋಪಿ ತೆಗೆದರು.

ದಿಬ್ಬದಾಚೆ ಇಳಿಯುತ್ತಾ ಅದು ಕಣ್ಮರೆಯಾಯಿತು. ಆಚೆ ಹೊಳೆ. ಎಂಜಿನ್ ಸದ್ದು ನಿಂತಿತು.

“ಇರು, ಗಂಡಸರು ಹೋಗಿ ನೋಡಿ ಬರ್ತಾರೆ,” ಅಂತ ಹೆಪ್ಸಿ ನನ್ನ ತೋಳು ಹಿಡಿದಳು. ನಾನು ಕೊಸರಿಕೊಂಡು ಓಡಿದೆ. ಮತ್ತೆ ಕೂತು ಕಾಯುವವಳಲ್ಲ ಅಂತ ಆಣೆ ಮಾಡಿದ್ದೆನಲ್ಲ. ಕಾಯದೆ ಇರಲು ಓಡುವುದೂ ಒಂದು ದಾರಿ ಅಂತ ಆರು ವರ್ಷ ನನಗೆ ತಿಳಿದಿರಲಿಲ್ಲ.

ದಿಬ್ಬ ಹತ್ತಿದರೆ, ಹೊಳೆಯಾಚೆ ಕಲ್ಲುದಂಡೆಯ ಮೇಲೆ ವಿಮಾನ ಒಂದು ಕಡೆ ವಾಲಿ ಕೂತಿತ್ತು. ಬಲ ರೆಕ್ಕೆ ಮುರಿದಿತ್ತು, ನನ್ನ ಎಡ ರೆಕ್ಕೆ ಹಾಗೇ ಇತ್ತು. ಪಕ್ಕದಲ್ಲಿ ಆಂಬ್ರೋಸ್ ಎರಡು ಕಾಲ ಮೇಲೆ ನಿಂತಿದ್ದ, ತುಟಿಯಿಂದ ರಕ್ತ.

“ಬರಬೇಡ! ನೀರಿದೆ! ನಾನೇ ಸೇತುವೆ ಸುತ್ತಿ ಬರ್ತೀನಿ, ಅಲ್ಲೇ ಇರು!”

“ಅಲ್ಲೇ ನಿಲ್ಲು!” ಅಂತ ಕೂಗಿದೆ. ಲಂಗ ಎತ್ತಿ ಕಟ್ಟಿ ನೀರಿಗೆ ಕಾಲಿಟ್ಟೆ. ತಣ್ಣಗೆ ಮೂಳೆಗೆ ಹೊಕ್ಕಿತು. ಮಳೆಯಿಲ್ಲದ ವಾರ, ಮೊಣಕಾಲಿಗಿಂತ ಮೇಲೆ ಬರಲಿಲ್ಲ. ಜೆತ್ರೋನ ಹೊಳೆ. ಮಧ್ಯದಲ್ಲಿ ಒಂದು ಕ್ಷಣ ನಿಂತು ಅವನ ಹೆಸರು ಹೇಳಿದೆ, ಆಮೇಲೆ ದಾಟಿದೆ.

ಆಂಬ್ರೋಸ್ ನೀರಿನ ಅಂಚಿಗೆ ಬಂದು ಕೈ ಚಾಚಿ ನನ್ನನ್ನು ದಡಕ್ಕೆ ಎಳೆದುಕೊಂಡ. ಇಬ್ಬರಿಗೂ ಉಸಿರಿಲ್ಲ.

“ಹಾರಿದೆ,” ಅಂದ.

“ನೋಡಿದೆ. ಎಲ್ಲರೂ ನೋಡಿದ್ರು.”

“ಮೇಲಿಂದ ನಿನ್ನ ಬಟ್ಟೆ ಹಗ್ಗ ಕಂಡಿತು. ಪಾದ್ರಿಗಳ ಕಾಲರ್ ಕೂಡ.”

“ಸುಳ್ಳು. ಶನಿವಾರ ಕಾಲರ್ ಒಣಹಾಕಲ್ಲ.”

ನಕ್ಕ, ತುಟಿ ಉರಿದು ಮುಖ ಕಿವುಚಿದ. ನಾನು ಏಪ್ರನ್ ತುದಿಯಿಂದ ರಕ್ತ ಒರೆಸಿದೆ.

“ಇನ್ನು ಹಾರೋದಿಲ್ಲ, ಡೋರ್ಕಸ್. ಒಂದೇ ಸಲ ಅಂದಿದ್ದೆನಲ್ಲ.”

“ಅಂಥ ಮಾತು ಕೊಡಬೇಡ, ನಿನ್ನಿಂದ ಆಗಲ್ಲ. ಹಾರು. ಆದ್ರೆ ಎಲ್ಲಿ ಇಳೀತೀಯ ಅಂತ ಮುಂಚೇನೇ ಹೇಳ್ಬೇಕು. ನಾನು ಆ ಕಡೆ ಬಂದು ನಿಂತಿರ್ತೀನಿ.”

ಅವನು ರೆಕ್ಕೆಯ ಕಡೆ ತಿರುಗಿ, ಒಂದು ನೀಲಿ ಅಕ್ಷರದ ಪಕ್ಕದ ಖಾಲಿ ಜಾಗದ ಮೇಲೆ ಮಸಿ ಬೆರಳಿಟ್ಟ. “ಮತ್ತೆ ಇಲ್ಲಿ?”

“ಮೊದಲು ಕೈ ತೊಳ್ಕೊಂಡು ಬಾ,” ಅಂದೆ. “ಆಮೇಲೆ ನಿನ್ನ ಅಕ್ಷರ ಹೊಲೀತೀನಿ.”

ತೊಳೆದುಕೊಂಡು ಬರುವಷ್ಟು ವ್ಯವಧಾನ ಅವನಿಗಿರಲಿಲ್ಲ. ಸೈಲಾಸ್ ಮತ್ತು ಊರವರು ದಿಬ್ಬದ ಮೇಲೆ ಬಂದು ನಿಂತಾಗ ನನ್ನ ಎರಡೂ ಕೆನ್ನೆಯ ಮೇಲೆ ಎಣ್ಣೆ ಮಸಿ ಹತ್ತಿತ್ತು.

ನವೆಂಬರಿನಲ್ಲಿ ಮದುವೆಯಾಯಿತು. ಪತ್ರಿಕೆಯಲ್ಲಿ ವಿಮಾನದ ಬಗ್ಗೆ ನಾಲ್ಕು ಸಾಲು ಬಂತು, ದನಗಳ ಬಗ್ಗೆ ಹತ್ತು. ಅವನು ಆಮೇಲೆ ಬೇರೆ ಎಂಜಿನ್ ಹೊಂದಿಸಿಕೊಂಡು ಹನ್ನೊಂದು ಸಲ ಹಾರಿದ. ಹನ್ನೊಂದು ಸಲವೂ ನಾನು ಇಳಿಯುವ ಕಡೆ ನಿಂತಿದ್ದೆ. ಎಂಟು ದುಪ್ಪಟಿಗಳಲ್ಲಿ ಎರಡು ಬೆಳ್ಳಗಿದ್ದವು, ಅವನ್ನು ನೆಂಟರು ಬಂದಾಗ ಹಾಸುತ್ತಿದ್ದೆ. ರೆಕ್ಕೆಯಿಂದ ಬಿಚ್ಚಿದ ಉಳಿದ ಆರಕ್ಕೆ ಹರಳೆಣ್ಣೆ ಕಲೆ. ಎಂಥ ಕಲೆಯನ್ನೂ ತೆಗೆಯಬಲ್ಲವಳು ನಾನು, ಜಿಲ್ಲೆಗೆಲ್ಲ ಗೊತ್ತು. ಅವನ್ನು ಮಾತ್ರ ಹಾಗೇ ನಮ್ಮ ಹಾಸಿಗೆಗೆ ಹಾಸಿದೆ.