ಕೌದಿಯ ಕೊನೆಯ ತುತ್ತು

"ಇಲ್ಲೊಂದು ಗಡಿಗಿ ಇತ್ತಲ್ಲ... ಎಲ್ಲಿ ಹೋತು?"

ಬಾಗಿಲಿನಿಂದ ಬಂದ ಗಂಡುದನಿಗೆ ಸಪನಾ ಬೆಚ್ಚಿ ತಿರುಗಿದಳು. ಕೈಯಲ್ಲಿ ಪೊರಕೆ, ತಲೆಗೆ ಬಿಗಿದ ಓಢಣಿ, ಮೂಗಿನ ತುದಿಯಲ್ಲಿ ಜೇಡರಬಲೆ.

"ಅದಾ? ಅದರಾಗಿಂದು ಹಳಸಿ ನಾರಾಕತ್ತಿತ್ರೀ! ಗಟಾರಕ್ಕ ಚೆಲ್ಲಿ, ಗಡಿಗಿ ತಿಕ್ಕಿ ಬೋರಲ ಹಾಕೀನಿ ನೋಡ್ರಿ," ಎಂದಳು ಹೆಮ್ಮೆಯಿಂದ. ಶಹಬ್ಬಾಸ್ ಎನ್ನುತ್ತಾನೆಂದು ಕಾದಳು.

ಅವನ ಮುಖ ಸುಣ್ಣದ ಗೋಡೆಯಾಯಿತು.

"ಚೆಲ್ಲಿದ್ರ್ಯಾ?! ಅದು ಹುಣಸಿ ಬೀಜದ ಗಂಜಿರೀ! ಮೂರು ದಿನ ನೆನಸಿ, ರುಬ್ಬಿ, ಕುದಿಸಿ ಇಟ್ಟಿದ್ದೆ. ಹೊರಗ ಅಂಗಳದಾಗ ಕಂಬಳಿ ನೂಲು ಹಾಸಿ ಬಂದೇನಿ. ಗಂಜಿ ಹಚ್ಚಲಿಲ್ಲಂದ್ರ ನೂಲು ನಿಲ್ಲೂದಿಲ್ಲ. ಈಗ ಅದಕ್ಕ ಚಹಾ ಹಚ್ಚಲೇನು?"

ಚಹಾ ಎಂದದ್ದೇ ತಡ, ಸಪನಾಳಿಗೆ ನಗು ಬಂದುಬಿಟ್ಟಿತು. ತಡೆದಳು. ತಡೆದಷ್ಟೂ ಉಕ್ಕಿತು...

ಅವನು ಮಾತ್ರ ನಗಲಿಲ್ಲ.

ಅದು ಆ ಜಾಗದಲ್ಲಿ ಅವಳ ಮೊದಲ ಮುಂಜಾನೆ! ಇಚಲಕರಂಜಿಯ ಆ ಶೆಡ್ಡಿನಲ್ಲಿ ಮೂವತ್ತು ವರ್ಷ ಪವರ್‌ಲೂಮ್ ಕುಣಿದಿದ್ದವು. ಮಗ್ಗಗಳನ್ನು ತೆಗೆದ ಮೇಲೆ ಮಾಲೀಕ ಜಿನಗೊಂಡ ಕಾಕಾ ಗೋಡೆಗೆ ಬಿಳಿ ಬಳಿದು, ಕೈಕಸುಬಿನವರಿಗೆಂದು ಬಾಗಿಲು ತೆರೆದಿದ್ದರು. ಒಂದು ಅರ್ಧ ಕೌದಿ ಹೊಲಿಯುವ ಸಪನಾಳಿಗೆ. ಇನ್ನೊಂದು ಅರ್ಧ ಈ ಗಡಿಗೆಯವನಿಗೆ, ಕಂಬಳಿ ನೇಯುವ ನಿಲೇಶನಿಗೆ. ಅವನದು ದತ್ತವಾಡದ ಕುರುಬರ ಮನೆತನ.

ಜಗಳದ ಸದ್ದಿಗೆ ಕಾಕಾ ಓಡಿ ಬಂದರು.

"ಅರೇ, ಭಾಂಡಣ ನಕೋ, ಜಗಳ ಬ್ಯಾಡ! ಮಗ್ಗದ ಸಪ್ಪಳ ಹೋತಂತ ನಾ ಸಮಾಧಾನ ಆಗಿದ್ದೆ. ನೀವಿಬ್ಬರ ಅದಕ್ಕಿಂತ ಜೋರ ಅದೀರಲ್ಲೋ!"

ನಿಲೇಶ ಸುಣ್ಣದ ಕಡ್ಡಿ ತಂದು ನೆಲದ ನಡುವೆ ಉದ್ದಕ್ಕೆ ಒಂದು ಗೆರೆ ಎಳೆದ.

"ಇದು ನಿಮ್ಮ ಹದ್ದು, ಇದು ನನ್ನ ಹದ್ದು. ನನ್ನ ಗಡಿಗಿ ಎಷ್ಟ ನಾರಿದ್ರೂ ನೀವು ಮುಟ್ಟೂಹಂಗಿಲ್ಲ."

"ನಿಮ್ಮ ಉಣ್ಣಿ ಹಾರಿ ನನ್ನ ಕಡೆ ಬಂದ್ರ?"

"ಬಂದ್ರ ಕೌದ್ಯಾಗ ತುಂಬ್ಕೋರಿ!"

ಅವಳ ಕೆನ್ನೆ ಬಿಸಿಯಾಯಿತು. 'ಎಂಥಾ ಮನಿಷ್ಯಾ ಇಂವ! ದೇವರೇ, ಇವನ ಜೋಡಿ ದಿನಾ ಹೆಂಗ ಕುಂದರಲಿ?'

ಆದರೆ ಅವನು ಹೊರಗೆ ಹೋದ ಮೇಲೆ, ಅವಳು ತಂದ ಗಂಟು ಬಿಚ್ಚಿದಳು. ಅರ್ಧ ಹೊಲಿದ ಕೌದಿಯನ್ನು ನೆಲಕ್ಕೆ ಹರಡಿದಳು. ಹರಡಿ... ಹಾಗೇ ನಿಂತುಬಿಟ್ಟಳು.

ಮನೆಯಲ್ಲಾದರೆ ಚಾಳದ ಒಂದೇ ಖೋಲಿಯಲ್ಲಿ ಅವ್ವ, ಅಪ್ಪ, ಅಣ್ಣ, ಅವಳು. ಮಂಚದ ಮೇಲೆ ಮುದುಡಿ ಕುಳಿತು, ತೊಡೆಯಷ್ಟಗಲ ಬಿಚ್ಚಿ, ಉಳಿದದ್ದನ್ನು ಮಡಿಚಿ ಹೊಲಿಯುತ್ತಿದ್ದಳು. ಎಂಟು ವರ್ಷದಲ್ಲಿ ಒಂದು ಕೌದಿಯನ್ನೂ ಪೂರಾ ಹರಡಿ ನೋಡಿದ್ದಿಲ್ಲ!

ಈಗ ನೋಡಿದಳು. ಅವ್ವನ ಹಸಿರು ಇಳಕಲ್ಲು ಸೀರೆ, ಅಜ್ಜಿಯ ಕಡುಗೆಂಪು, ಮಗ್ಗದ ಕಾರ್ಖಾನೆಯಿಂದ ಆರಿಸಿ ತಂದ ಚಿಂದಿಗಳ ನೀಲಿ, ಹಳದಿ... ಕಣ್ಣು ತುಂಬಿ ಬಂತು. 'ನನ್ನ ಜಾಗಾ,' ಎಂದುಕೊಂಡಳು. 'ಇದು ನನ್ನ ಜಾಗಾ!'

ಕೌದಿಯ ಒಂದು ಮೂಲೆ ಮಾತ್ರ ಗೆರೆ ದಾಟಿ ಅವನ ಹದ್ದಿಗೆ ಹೋಗಿತ್ತು. ಅವಳು ಅದನ್ನು ಒಳಗೆ ಮಡಿಚಿದಳು.

ಮರುದಿನ ಮುಂಜಾನೆ ಬಂದು ನೋಡಿದರೆ... ಗೆರೆ ಎರಡು ಗೇಣು ಆಚೆ ಸರಿದಿತ್ತು!

"ಗೆರಿ ಯಾರ ಸರಿಸ್ಯಾರ?" ಕೇಳಿದಳು.

ಮಗ್ಗದಲ್ಲಿ ಕುಳಿತವನು ತಲೆ ಎತ್ತಲಿಲ್ಲ. "ಇಲಿ ಸರಿಸಿರಬೇಕ."

"ಇಲೀಗೆ ಸುಣ್ಣದ ಕಡ್ಡಿ ಹಿಡಿಯಾಕ ಬರ್ತೈತೇನು?"

"ನಿಮ್ಮ ಕೌದಿ ನೋಡಿ ಕಲ್ತಿರಬೇಕ ಬಿಡ್ರಿ."

ಅಂದು ಮೊದಲ ಬಾರಿ ಅವಳು ಅವನ ನಗು ಕಂಡಳು. ಅರ್ಧ ನಗು. ಉಳಿದರ್ಧವನ್ನು ಅವನು ಕಂಬಳಿಯ ಮೇಲೆ ಬಗ್ಗಿ ಬಚ್ಚಿಟ್ಟುಕೊಂಡ.

ದಿನಗಳು ಹಗುರಾಗಿ ಹೋದವು. ಅವನು ನೇಯುತ್ತಾ ತನ್ನ ಕುಲದೇವರು ಬೀರದೇವನ ಹಾಡು ಹಾಡುತ್ತಿದ್ದ. ಅವಳ ಸೂಜಿ ತನಗರಿವಿಲ್ಲದೆ ಆ ಲಯಕ್ಕೆ ಏಳುತ್ತಿತ್ತು, ಬೀಳುತ್ತಿತ್ತು.

"ಉಣ್ಣೀಯ ಎಳಿಯಾಗ ಬೀರದೇವ ಕುಂತಾನ
ಕಣ್ಣೀಗಿ ಕಾಣ, ಕೈಗ ಸಿಗ, ನನ ತಾಯಿ
ಬೆನ್ನೀಗಿ ಬೆಚ್ಚಗ ಇರತಾನ..."

ಅವನು ಹಾಡು ನಿಲ್ಲಿಸಿದರೆ ಅವಳ ಕೈಯೂ ನಿಲ್ಲುತ್ತಿತ್ತು. 'ಇದೇನ ಆಗಾಕತ್ತೈತಿ ನನಗ...?' ಗೆರೆ ಮಾತ್ರ ವಾರಕ್ಕೊಮ್ಮೆ ಅವನತ್ತ ಸರಿಯುತ್ತಲೇ ಇತ್ತು!

ಕೌದಿ ಮುಗಿಯುತ್ತ ಬಂತು. ಕೊಲ್ಹಾಪುರದ ಕೈಕಸುಬಿನ ಪ್ರದರ್ಶನಕ್ಕೆ ಅದು ಹೋಗಬೇಕಿತ್ತು. ಒಂದು ಮೂಲೆಯಲ್ಲಿ ಗೇಣಷ್ಟು ಬಾಯಿ ಬಿಟ್ಟು ಉಳಿದದ್ದೆಲ್ಲ ಹೊಲಿದಿಟ್ಟಿದ್ದಳು.

ರಜೆಯ ದಿನ ನೋಡಲು ಬಂದ ಅವ್ವ ಚೆನ್ನವ್ವನಿಗೆ ನಿಲೇಶ ಚಹಾ ತಂದುಕೊಟ್ಟ. ಸಪನಾ ಹೊರಗೆ ನೀರು ಹಿಡಿಯುತ್ತಿದ್ದಾಗ ಒಳಗಿನ ಮಾತು ಅರ್ಧಮರ್ಧ ಕಿವಿಗೆ ಬಿತ್ತು.

"ಮಾವ್ಶಿ, ಈ ಮೂಲಿ ಯಾಕ ಬಿಟ್ಟಾರ?"

"ಕೌದಿ ಹೊಟ್ಟಿ ತುಂಬಿಸಬೇಕಪಾ. ಬಾಯಿ ಮುಚ್ಚೂಕಿಂತ ಮೊದಲ ಒಂದು ತುತ್ತು ರೊಟ್ಟಿ ಇಡಬೇಕ. ಹೊಸಾ ಜಾಗಾದಾಗ ಹೊಲಿದ ಮೊದಲನೇ ಕೌದಿ ಹಸಕೊಂಡ ಹೋತಂದ್ರ, ಆ ಜಾಗಾ ನಮಗ ದಕ್ಕೂದಿಲ್ಲ."

"ಕೌದಿಗೂ ಹಸಿವ್ಯಾ?!"

ಅವನು ಜೋರಾಗಿ ನಕ್ಕ. ಸಪನಾಳ ಎದೆಗೆ ಚುಚ್ಚಿತು. ಕೊಡ ತುಂಬಿ ಚೆಲ್ಲಿತು. ಮುಂದಿನ ಮಾತು ನೀರಿನ ಸದ್ದಿನಲ್ಲಿ ಮುಳುಗಿತು. ಅವ್ವ ಇನ್ನೂ ಏನೇನೋ ಹೇಳಿದಳು. ಅವನು ನಗುವುದನ್ನು ನಿಲ್ಲಿಸಿ ಕೇಳಿದ. ಅದು ಸಪನಾಳಿಗೆ ತಿಳಿಯಲಿಲ್ಲ.

ಕಳಿಸುವ ದಿನ ಬಂತು. ಟೆಂಪೋ ಹತ್ತಕ್ಕೆ ಬರಬೇಕಿತ್ತು. ತುತ್ತು ಇಡಲು ಅವ್ವನನ್ನು ಕರೆತರಲೆಂದು ಸಪನಾ ಎಂಟಕ್ಕೇ ಹೊರಟಳು. ನೂಲಿನ ಕಾಂಡಿ ಸುತ್ತುವ ಕೆಲಸದಿಂದ ಅವ್ವನನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಒಂಬತ್ತೂವರೆ. ಇಬ್ಬರೂ ಓಡೋಡಿ ಬಂದರು.

ನೆಲ ಖಾಲಿ! ಕೌದಿ ಇಲ್ಲ!

ನಿಲೇಶ ಅವಳದೇ ಸೂಜಿ ಹಿಡಿದು ನಿಂತಿದ್ದ.

"ಟೆಂಪೋ ಒಂದ ತಾಸು ಮೊದಲ ಬಂತು. ನಿಮಗ ಫೋನ್ ಹಚ್ಚಿದೆ... ಎತ್ತಲಿಲ್ಲ. ಡ್ರೈವರ ನಿಲ್ಲಾಕ ತಯಾರ ಇರಲಿಲ್ಲ. ಬಾಯಿ ಹೊಲಿದು ಕಳಿಸೀನಿ."

"ಹೊಲಿದ್ರ್ಯಾ?" ಅವಳ ದನಿ ಒಡೆಯಿತು. "ಹಸಿದದ್ದನ್ನ ಹೊಲಿದು ಕಳಿಸಿದ್ರ್ಯಾ?"

"ಸಪನಾ, ಒಂದ ನಿಮಿಷ ಕೇಳ್ರಿ, ನಾ..."

"ನಿಮಗ ನಗಿಯ ಮಾತು ಅದು! ಅವತ್ತ ಹೆಂಗ ನಕ್ಕಿರಿ, ನಾ ಕೇಳೀನಿ! ನಿಮ್ಮ ಗಂಜಿ ಚೆಲ್ಲಿದ್ದಕ್ಕ ಈ ಹಗೀ ತೀರಿಸಿದ್ರ್ಯಾ?"

ಅವನ ಮುಖದಿಂದ ಬಣ್ಣ ಇಳಿದುಹೋಯಿತು. ಏನೋ ಹೇಳಲು ಹೊರಟ. ಚೆನ್ನವ್ವನ ಕಡೆ ನೋಡಿದ. ಕಿವಿ ಕೆಂಪಾದವು. ಸುಮ್ಮನಾದ.

ಆ ಮೌನವನ್ನು ಅವಳು ತಪ್ಪೊಪ್ಪಿಗೆ ಎಂದುಕೊಂಡಳು.

"ಈ ಜಾಗಾ ನನಗ ದಕ್ಕೂದಿಲ್ಲ. ನಾಳೆ ಕೊಲ್ಹಾಪುರಕ್ಕ ಹೋಗಿ ಕೌದಿ ತರ್ತೀನಿ. ಆಮ್ಯಾಲ ಇತ್ತಾಗ ಬರೂದಿಲ್ಲ!"

ರಾತ್ರಿಯೆಲ್ಲ ದೇವರ ನಾಮ ಹೇಳಿದರೂ ಮನಸ್ಸಿನ ಭಾರ ಇಳಿಯಲಿಲ್ಲ. ಜಾಗ ಹೋಯಿತೆಂಬ ದುಃಖ ಒಂದು ಪಾಲಾದರೆ, ಆ ಹಾಡು ಇನ್ನು ಕೇಳಿಸುವುದಿಲ್ಲ ಎಂಬುದು... ಅಯ್ಯೋ, ಅದೇ ದೊಡ್ಡ ಪಾಲು!

ಮರುದಿನ ಕೊಲ್ಹಾಪುರದ ಪ್ರದರ್ಶನದ ಬಾಗಿಲಲ್ಲೇ ಅಲ್ಲಿಯ ವ್ಯವಸ್ಥೆ ನೋಡುವ ಮನಾಲಿ ಅವಳ ಕೈ ಹಿಡಿದಳು.

"ಅಗ ಸಪನಾ, ಯೇ ಲವಕರ್, ಲಗೂನ ಬಾ! ನಿನ್ನ ಗೋಧಡಿ ಮುಂದ ಮಂದಿ ಸರಿಯಾಕ ತಯಾರಿಲ್ಲ!"

ಗೋಡೆಯ ಉದ್ದಕ್ಕೂ ಅವಳ ಕೌದಿ! ಕೆಳಗೆ ಹತ್ತು-ಹನ್ನೆರಡು ಜನ. ಸಪನಾ ನೂಕಿಕೊಂಡು ಮುಂದೆ ಹೋದಳು. ಬಂದದ್ದು ಅದನ್ನು ಇಳಿಸಿ ಒಯ್ಯಲು. ಆದರೆ...

"ಈ ಮೂಲಿ ಭಾಳ ಚಂದ ಐತಿ ನೋಡು," ಮನಾಲಿ ತೋರಿಸಿದಳು. "ಇಡೀ ಗೋಧಡಿ ಕೆಂಪ ದಾರ. ಇಲ್ಲಿ ಅಷ್ಟ ಕರೀ ಉಣ್ಣಿ. ಬೇಕಂತ ಮಾಡೀಯೇನು?"

ಕರಿಯ ಉಣ್ಣೆ! ಸೊಟ್ಟ ಸೊಟ್ಟ ಹೊಲಿಗೆ, ಕಲಿಯುವ ಕೂಸು ಹಾಕಿದಂತೆ. ಒಂದೊಂದು ಹೊಲಿಗೆಯ ಬುಡದಲ್ಲೂ ಅರಿಸಿನದ ಪುಡಿ. ಭಂಡಾರ! ಬೀರದೇವರ ಭಂಡಾರ!

ಬೆರಳಿನಿಂದ ಅವಳು ಮೂಲೆಯನ್ನು ಒತ್ತಿದಳು. ಒಳಗೆ ಏನೋ ಕಟಕ್ ಎಂದಿತು.

ರೊಟ್ಟಿ. ಒಣಗಿದ ಜೋಳದ ರೊಟ್ಟಿಯ ತುಣುಕು. ಅವನ ಬುತ್ತಿಯ ರೊಟ್ಟಿ!

'ಹಸಿದು ಬಂದಿಲ್ಲ... ಉಂಡು ಬಂದೈತಿ!'

ಜನರೆದುರೇ ಸಪನಾ ಕೌದಿಗೆ ಮುಖ ಒತ್ತಿ ಅತ್ತಳು. ಅಳುತ್ತಲೇ ನಕ್ಕಳು. ತಕ್ಷಣ ಅವ್ವನಿಗೆ ಫೋನು ಹಚ್ಚಿದಳು.

"ಅವ್ವಾ, ಅವತ್ತ ನಿಲೇಶಗ ಏನೇನ ಹೇಳಿದ್ದಿ? ಪೂರಾ ಹೇಳು!"

"ಯಾರ ಬೇಕಾದವರು ತುತ್ತು ಇಡೂಹಂಗಿಲ್ಲ, ಮನೀ ಮಂದೀನ ಇಡಬೇಕಂತ ಹೇಳಿದ್ದೆ. ಯಾಕ?"

ಮನೀ ಮಂದಿ...

ಎರಡನೆಯ ಫೋನು ಕಾಕಾನಿಗೆ.

"ನಿಲೇಶ? ಆಂವ ಹೋದ್ನಲ್ಲವಾ! ಮುಂಜಾನೆ ಮಗ್ಗ ಬಿಚ್ಚಾಕತ್ತಿದ್ದ. 'ಆಕಿ ಇರಲಿ ಕಾಕಾ, ಪೂರಾ ಜಾಗಾ ಆಕೀಗೆ ಕೊಡ್ರಿ' ಅಂದ. ಗಡಹಿಂಗ್ಲಜದ ಹತ್ರ ಅವರ ಕುರಿ ಇಳದಾವ. ಅಲ್ಲಿಗೆ ಹೋಗ್ಯಾನ."

"ಮನಾಲಿತಾಯಿ, ಕೌದಿ ಇಲ್ಲೇ ಇರಲಿ!" ಎಂದವಳೇ ಸ್ಟ್ಯಾಂಡಿಗೆ ಓಡಿದಳು.

ಗಡಹಿಂಗ್ಲಜದ ಎಸ್ಟಿ ಬಸ್ಸು ಎಷ್ಟು ನಿಧಾನ! ದಾರಿಯುದ್ದಕ್ಕೂ ಕಬ್ಬು, ಕಬ್ಬಿನ ಟ್ರ್ಯಾಕ್ಟರು, ಮತ್ತೆ ಕಬ್ಬು... 'ದೇವರೇ, ಒಂದ ಸಲ ಆ ಮುಖ ತೋರ್ಸು. ಆಮ್ಯಾಲ ಏನೂ ಬೇಡೂದಿಲ್ಲ.' ಬೇಡುತ್ತಾಳೆಂದು ದೇವರಿಗೂ ಗೊತ್ತಿತ್ತು!

ಊರಾಚೆ ಕಟಾವಾದ ಹೊಲದಲ್ಲಿ ಕುರಿಯ ಹಿಂಡು. ಬಿಸಿಲಲ್ಲಿ ಉಣ್ಣೆ ಕತ್ತರಿಸುತ್ತಿದ್ದರು. ಬೇವಿನ ನೆರಳಲ್ಲಿ ಕುಳಿತ ಮುದುಕಿ ಕಣ್ಣ ಮೇಲೆ ಕೈ ಇಟ್ಟು ಅವಳನ್ನು ನೋಡಿದಳು. ನಿಲೇಶನ ಅಜ್ಜಿ, ನಾಗೂಬಾಯಿ.

"ಯಾರವಾ ನೀ?"

"ಸಪನಾ ಅಂತರೀ ಅಜ್ಜಿ. ಇಚಲಕರಂಜಿಯಿಂದ..."

"ಓಹೋ! ಗಂಜಿ ಚೆಲ್ಲಿದಾಕಿ!" ಮುದುಕಿಯ ಹಲ್ಲಿಲ್ಲದ ಬಾಯಿ ಅಗಲವಾಯಿತು. "ನಿಲ್ಯಾ! ಏ ನಿಲ್ಯಾ! ಎರಡ ತಿಂಗಳ ಮನಿ ತುಂಬ ಆಕೀದ ಮಾತು ಹೇಳಿ ನಮ್ಮ ತಲಿ ತಿಂದಿ. ಬಂದಾಳ ನೋಡು!"

ಕುರಿಗಳ ನಡುವಿನಿಂದ ನಿಲೇಶ ಎದ್ದ. ಮೈತುಂಬ ಉಣ್ಣೆ. ಅವಳನ್ನು ಕಂಡು ಕೈಯ ಕತ್ತರಿ ಕೆಳಗೆ ಬಿತ್ತು. ಹಿಡಿದಿದ್ದ ಕುರಿ ಅರ್ಧ ಬೋಳು ಮೈಯಲ್ಲೇ ಓಡಿಹೋಯಿತು.

"ನೀವು... ಇಲ್ಲಿ?"

ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತೆಲ್ಲ ಎಲ್ಲಿ ಹೋಯಿತೋ! ಅವಳು ಹತ್ತಿರ ಬಂದು ನಿಂತಳು.

"ಕೌದಿಗಿ ತುತ್ತು ಇಟ್ಟೀರಿ."

"ಹೂಂ."

"ಯಾಕ ಹೇಳಲಿಲ್ಲ? ನಾ ಅಷ್ಟ ಮಾತಾಡಿದ್ರೂ ಯಾಕ ಸುಮ್ಮನ ನಿಂತಿರಿ?"

"ಇಟ್ಟೀನಿ ಅಂದ್ರ, ನೀ ಯಾರು ಇಡಾಕ ಅಂತ ಕೇಳ್ತಿದ್ರಿ. ಅವ್ವಾರ ಮುಂದ... ಏನಂತ ಹೇಳಲಿ?" ಅವನು ನೆಲ ನೋಡಿದ. "ಅವತ್ತ ನಕ್ಕಿದ್ದು ಖರೆ. ಹಾಸ್ಯಕ್ಕಲ್ರೀ. ನಾವೂ ಕಂಬಳಿ ಮಗ್ಗದಿಂದ ಇಳಿಸೂ ಮುಂದ ಭಂಡಾರ ಇಡ್ತೀವಿ. ನಮ್ಮ ಹಂಗ ಇನ್ನೊಬ್ರ ಅದಾರಲ್ಲ ಅಂತ ಖುಷಿ ಆಗಿ ನಕ್ಕೆ."

ಸಪನಾಳ ಕಣ್ಣು ತುಂಬಿತು. "ತಪ್ಪಾತು. ನಿಮ್ಮನ್ನ ಒಂದ ಮಾತೂ ಆಡಾಕ ಬಿಡಲಿಲ್ಲ ನಾನು..."

"ಇರಲಿ ಬಿಡ್ರಿ."

"ಇನ್ನೊಂದು ಕೇಳ್ತೀನಿ. ತುತ್ತು ಯಾರ ಇಡಬೇಕಂತ ಗೊತ್ತಿತ್ತೇನು?"

ಬೇವಿನ ಕೆಳಗೆ ನಾಗೂಬಾಯಿ ಕಿವಿಯ ಮೇಲಿನ ಸೆರಗು ಸರಿಸಿದಳು!

"ಗೊತ್ತಿತ್ತು. ಮನೀ ಮಂದಿ."

"ಗೊತ್ತಿದ್ದೂ ಇಟ್ರ್ಯಾ?"

ನಿಲೇಶ ತಲೆ ಎತ್ತಿದ. ಅವಳ ಕಣ್ಣಲ್ಲಿ ಕಣ್ಣಿಟ್ಟ.

"ಗೊತ್ತಿದ್ದಕ್ಕ ಇಟ್ಟೀನಿ, ಸಪನಾ."

ಅವಳು ಅಳಲಿಲ್ಲ. ಅವನ ಭುಜದ ಮೇಲಿನ ಉಣ್ಣೆಯ ಒಂದು ಎಳೆಯನ್ನು ಬಿಡಿಸಿ, ತನ್ನ ಬೆರಳಿಗೆ ಮೆಲ್ಲಗೆ ಸುತ್ತಿಕೊಂಡಳು.

"ಹಂಗಾರ ಮಗ್ಗ ತಿರುಗಿ ಹಾಕ್ರಿ. ನೆಲದ ಮ್ಯಾಲಿನ ಗೆರಿ ನಾ ಅಳಿಸ್ತೀನಿ."

"ಗಂಜಿ ನಾರ್ತೈತಿ..."

"ನಾರಲಿ."

"ಮೂರು ದಿನ ನಾರ್ತೈತಿ!"

"ನಾರಲಿ ಅಂದೆನಲ್ಲ!" ಅವಳು ನಕ್ಕಳು. "ಇನ್ನ ಮ್ಯಾಲ ನಾನ ಕುದಸ್ತೀನಿ. ನೀವು ಕುಂತು ಹಾಡ್ರಿ, ಸಾಕು."