ಟ್ಯಾಂಕರಿನಲ್ಲಿ ಸಿಕ್ಕ ಹೆಪ್ಪು

ಬೆಳಿಗ್ಗೆ ಒಂಬತ್ತೂಕಾಲಿಗೆ ಎಣ್ಣೆಬಾವಿಯ ಮ್ಯಾನೇಜರ್ ಏದುಸಿರು ಬಿಡುತ್ತ ಠಾಣೆಗೆ ಬಂದಾಗ ಇನ್‌ಸ್ಪೆಕ್ಟರ್ ಎರಡನೇ ಲೋಟ ಚಹಾ ಕುಡಿಯುತ್ತಿದ್ದರು. ಮಂಡಿನೋವೊಂದು ಬಿಟ್ಟರೆ ಲೋಕದ ಮೇಲೆ ಅವರಿಗೆ ಯಾವ ದೂರೂ ಇರಲಿಲ್ಲ.

"ಸಾರ್, ನಮ್ಮ ಹೆಪ್ಪು ಕಳುವಾಗಿದೆ!"

"ಪಕ್ಕದ್ಮನೇಲಿ ಕೇಳಿ ನೋಡಿದ್ರಾ?" ಹೆಡ್ ಕಾನ್‌ಸ್ಟೆಬಲ್ ಕಿಸಕ್ಕನೆ ನಕ್ಕ.

ಮ್ಯಾನೇಜರ್ ನಗುವ ಸ್ಥಿತಿಯಲ್ಲಿರಲಿಲ್ಲ. ಬಾವಿಯಲ್ಲಿ ಈಗ ಎಣ್ಣೆಗಿಂತ ನೀರೇ ಜಾಸ್ತಿ. ಪಾಲಿಮರ್ ಕಲಸಿದ ನೀರಿಗೆ ಒಂದು ಹಸಿರು ದ್ರಾವಣ ಬೆರೆಸಿ ನೆಲದಾಳಕ್ಕೆ ಪಂಪ್ ಮಾಡಿದರೆ, ಅದು ಗಡ್ಡೆ ಮೊಸರಿನ ಹಾಗೆ ಗಟ್ಟಿಯಾಗಿ ನೀರು ನುಗ್ಗುವ ಬಿರುಕುಗಳನ್ನು ಮುಚ್ಚುತ್ತದೆ. ಆ ಹಸಿರು ದ್ರಾವಣಕ್ಕೇ ಕೆಲಸದವರು ಹೆಪ್ಪು ಅನ್ನುತ್ತಿದ್ದರು. ಈ ವಾರ ಪಂಪ್ ಮಾಡದಿದ್ದರೆ ಬಾವಿಯನ್ನೇ ಮುಚ್ಚಲು ಮೇಲಿನವರ ಆದೇಶವಾಗಿತ್ತು.

"ಯಾರ ಮೇಲಾದ್ರೂ ಅನುಮಾನ?"

"ಎಲ್ಲಾ ನಮ್ಮೋರೇ ಸಾರ್."

ಎಫ್ಐಆರ್ ದಾಖಲಾಯಿತು. ಹನ್ನೊಂದಕ್ಕೆ ಹೆಪ್ಪು ಇಟ್ಟಿದ್ದ ಶೆಡ್ಡಿನಲ್ಲಿ ಪಂಚನಾಮೆ. ಬೀಗ ಒಡೆದಿರಲಿಲ್ಲ. ಹಿಂದಿನ ಬೇಲಿಯ ಬುಡದಲ್ಲಿ ಹೆಪ್ಪಿನ ಎರಡು ಕ್ಯಾನುಗಳು ಬಿದ್ದಿದ್ದವು, ಎರಡೂ ಖಾಲಿ. ಇನ್‌ಸ್ಪೆಕ್ಟರ್ "ಅಯ್ಯೋ ಅಮ್ಮಾ" ಎಂದು ಮಂಡಿ ಹಿಡಿದು ಕುಕ್ಕರಗಾಲಲ್ಲಿ ಕೂತು ನೆಲ ನೋಡಿದರು. ಒಂದು ಹನಿ ಹಸಿರೂ ಇರಲಿಲ್ಲ. ಕಳ್ಳ ಅದನ್ನು ನೆಲಕ್ಕೆ ಚೆಲ್ಲಿಲ್ಲ ಅಂದಮೇಲೆ ಯಾವುದರೊಳಗೋ ಸುರಿದಿರಬೇಕು.

ಸ್ಟೋರ್‌ಕೀಪರನನ್ನು ಕರೆಸಿದರು.

"ನಿನ್ನೆ ಶೆಡ್ ಯಾವಾಗ ತೆಗೆದಿತ್ತು?"

"ಸಂಜೆ ಸಾರ್. ಒಂದು ಸಲ ಕಲಸಿದ ಪಾಲಿಮರ್ ನೀರಿನ ಅಳತೆ ತಪ್ಪಿತ್ತು. ಚೆಲ್ಲಿ ಬರಲಿ ಅಂತ ಟ್ಯಾಂಕರಿಗೆ ತುಂಬಿಸ್ದೆ."

"ಅದು ಏನು ಅಂತ ಡ್ರೈವರಿಗೆ ಹೇಳಿದ್ಯಾ?"

"ಚೆಲ್ಲೋ ನೀರಿನ ಬಗ್ಗೆ ಏನ್ ಹೇಳೋದು ಸಾರ್?"

"ಟ್ಯಾಂಕರ್ ಎಲ್ಲಿದೆ ಈಗ?"

"ನೀರು ಚೆಲ್ಲೋ ಹೊಂಡದ ಹತ್ರ ನಿಂತಿದೆ. ವಾಲ್ವ್ ಕೆಟ್ಟಿದೆಯಂತೆ, ಬೆಳಿಗ್ಗೆಯಿಂದ ನೀರೇ ಇಳೀತಿಲ್ವಂತೆ."

ಇನ್‌ಸ್ಪೆಕ್ಟರ್ ಮುಖ ಅರಳಿತು. ಎಲ್ಲರೂ ಹೊಂಡದತ್ತ ಹೊರಟರು. ಬಾವಿಯ ನೀರನ್ನು ದಿನಾ ಹೊಂಡಕ್ಕೆ ಸಾಗಿಸುವ ಹಿರಿಯ ಡ್ರೈವರ್ ಟ್ಯಾಂಕರ್ ಪಕ್ಕದಲ್ಲಿ ಸ್ಪ್ಯಾನರ್ ಹಿಡಿದು ಬೆವರುತ್ತಿದ್ದ. ಹೆಡ್ ಕಾನ್‌ಸ್ಟೆಬಲ್ ಮೇಲೆ ಹತ್ತಿ, ಮುಚ್ಚಳ ತೆಗೆದು ಲಾಠಿ ಇಳಿಬಿಟ್ಟ.

"ಸಾರ್! ಲಾಠಿ ನೆಟ್ಟಗೆ ನಿಂತ್ಕೊಂಡ್ಬಿಡ್ತು!"

ಒಳಗೆ ಟ್ಯಾಂಕರಿನಷ್ಟೂ ಹಸಿರು ಮುದ್ದೆ ಗದಗದ ಅಲುಗುತ್ತಿತ್ತು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು, ಡ್ರೈವರ್ ಒಬ್ಬನನ್ನು ಬಿಟ್ಟು.

"ಸ್ಟೋರ್‌ನವರು ಚಹಾಕ್ಕೆ ಹೋದಾಗ ಸುರಿದೆ ಸಾರ್. ಒಳಗಿರೋದು ಬರೀ ನೀರು, ಜೊತೆಗೆ ಹರಿದುಹೋಗತ್ತೆ ಅಂದ್ಕೊಂಡೆ."

"ಯಾಕಪ್ಪಾ ಈ ವಯಸ್ಸಲ್ಲಿ?"

"ಬಾವೀಲಿ ನೀರು ಬರೋದು ನಿಂತ್ರೆ ನನ್ನನ್ನ ಬೇರೆ ದಾರಿಗೆ ಹಾಕ್ತಾರೆ. ಈ ದಾರೀಲಿ ಮಗಳ ಮನೆ ಇದೆ ಸಾರ್. ಅಳಿಯನಿಗೂ ನನಗೂ ಮಾತು ಬಿಟ್ಟು ಎರಡು ವರ್ಷ. ಒಳಗೆ ಹೋಗೋ ಹಾಗಿಲ್ಲ. ಹಾರ್ನ್ ಹೊಡೆದ್ರೆ ಮೊಮ್ಮಗಳು ಗೇಟಿಗೆ ಓಡಿಬರ್ತಾಳೆ. ನನಗಿರೋದು ಅಷ್ಟೇ."

ಮ್ಯಾನೇಜರ್ ಹಣೆ ಚಚ್ಚಿಕೊಂಡ. "ಅಯ್ಯೋ ಪುಣ್ಯಾತ್ಮ! ನೀರು ಪೂರ್ತಿ ಎಲ್ಲಿ ನಿಲ್ಲತ್ತೆ, ಕಡಿಮೆಯಾಗತ್ತೆ ಅಷ್ಟೇ. ಬಾವಿ ಮುಚ್ಚಿದ್ರೇ ನಿನ್ನ ಟ್ಯಾಂಕರ್ ನಿಲ್ತಾ ಇದ್ದಿದ್ದು! ನನ್ನನ್ನ ಒಂದ್ ಮಾತು ಕೇಳಬಾರದಿತ್ತಾ?"

ಇನ್ನೊಂದು ಬಾವಿಯಿಂದ ಹೆಪ್ಪು ತರಿಸುವ ಏರ್ಪಾಡಾಯಿತು. ಎರಡೂವರೆಗೆ ಡ್ರೈವರನನ್ನು ಬಂಧಿಸಿ ಜೀಪಿಗೆ ಹತ್ತಿಸಿದರು. ದಾರಿಯಲ್ಲಿ ನೀಲಿ ಗೇಟಿನ ಮನೆಯ ಮುಂದೆ ಅವನು ತಲೆ ತಗ್ಗಿಸಿದ್ದನ್ನು ಇನ್‌ಸ್ಪೆಕ್ಟರ್ ಗಮನಿಸಿದರು.

"ನಿಲ್ಸು. ಒಂದ್ ಹಾರ್ನ್ ಹೊಡಿ."

ಪುಟ್ಟ ಹುಡುಗಿ ಓಡಿಬಂದಳು. "ತಾತಾ, ನಿನ್ನ ಲಾರಿ ಎಲ್ಲಿ?"

ಡ್ರೈವರ್ ಇನ್‌ಸ್ಪೆಕ್ಟರ್ ಕಡೆ ತಿರುಗಿದ. ಇನ್‌ಸ್ಪೆಕ್ಟರೇ ಹೇಳಿದರು. "ಅದಕ್ಕೆ ಹೊಟ್ಟೆ ಕಟ್ಟಿದೆ ಪುಟ್ಟೀ."

ಮಗುವಿನ ಹಿಂದೆಯೇ ಅಳಿಯ ಬಂದ. ಪೊಲೀಸರ ನಡುವೆ ಕೂತ ಮಾವನನ್ನು ನೋಡಿದ. ಹೆಡ್ ಕಾನ್‌ಸ್ಟೆಬಲ್ ತಗ್ಗಿದ ದನಿಯಲ್ಲಿ ಎಲ್ಲ ಹೇಳಿದ, ಹಾರ್ನಿನ ವಿಷಯವನ್ನೂ. ಅಳಿಯ ಒಳಗೆ ಹೋಗಿ ಚಪ್ಪಲಿ ಮೆಟ್ಟಿ ಬಂದ.

"ಜಾಮೀನಿಗೆ ಯಾರಾದ್ರೂ ಬೇಕಲ್ವಾ ಸಾರ್?" ಎಂದು ಜೀಪು ಹತ್ತಿದ. "ಮಾವ, ಸ್ವಲ್ಪ ಆ ಕಡೆ ಸರ್ಕೊಳ್ಳಿ."

ಮಾವ ಸರಿದು ಕೂತರು.