ಗೋಡೆಯಾಚೆಯ ಸ್ತೆಲಿಯೊ

ಸ್ತೆಲಿಯೊನ ಹಡಗು ಮಧ್ಯಾಹ್ನ ಹನ್ನೆರಡಕ್ಕೆ ಹೊರಡುವುದಿತ್ತು. ಹತ್ತೂವರೆಗೆ ನಾನು ಬಿಸಿಲಲ್ಲಿ ನಿಂತು ಹನ್ನೊಂದು ಜನ ಪ್ರವಾಸಿಗರಿಗೆ ರೋಮನ್ನರ ಕಾಲದ ಹಳೇ ರಂಗಮಂದಿರ ತೋರಿಸುತ್ತಿದ್ದೆ. ನನ್ನಂಥ ಮೂರ್ಖಳು ಇಟಲಿಯ ಈ ತ್ರಿಯೆಸ್ತೆ ಊರಲ್ಲಿ ಇನ್ನೊಬ್ಬಳಿರಲಿಕ್ಕಿಲ್ಲ.

ಗೈಡ್ ಕೆಲಸಕ್ಕೆ ಸೇರಿ ಒಂಬತ್ತು ವರ್ಷವಾಯಿತು. ನಾಲ್ಕು ಭಾಷೆಯಲ್ಲಿ ದಿನಕ್ಕೆ ಆರು ಗಂಟೆ ಮಾತಾಡುತ್ತೇನೆ. ಬಾಯಿ ನೋಯುತ್ತದೆಯೇ ಹೊರತು ಮಾತು ಮುಗಿಯುವುದಿಲ್ಲ. ಆದರೆ ಸ್ತೆಲಿಯೊಗೆ ಹೇಳಬೇಕಾಗಿದ್ದ ಒಂದೇ ಒಂದು ಮಾತು ಮೂವತ್ತು ದಿನವಾದರೂ ನನ್ನ ಗಂಟಲಿನಿಂದ ಮೇಲೆ ಬಂದಿರಲಿಲ್ಲ.

ಗುಂಪಿನಲ್ಲಿ ಬಿಳಿ ಟೋಪಿಯ ಅಜ್ಜಿಯೊಬ್ಬಳಿದ್ದಳು. ಅವಳು ನನ್ನ ತೋಳು ಹಿಡಿದು, ನಾಳೆ ನಾವು ಹೊರಟುಬಿಡುತ್ತೇವೆ, ಈ ಊರಲ್ಲಿ ಯಾವುದನ್ನು ತಪ್ಪಿಸಿಕೊಂಡರೆ ಜೀವನಪೂರ್ತಿ ಕೊರಗುತ್ತೇವೆ ಎಂದು ಕೇಳಿದಳು. ದಿನಕ್ಕೆ ಹತ್ತು ಸಲ ಕೇಳುವ ಪ್ರಶ್ನೆ ಅದು. ಸಮುದ್ರದ ಕಡೆ ತೆರೆದ ಚೌಕ, ಬಂಡೆಯ ಮೇಲಿನ ಬಿಳಿ ಅರಮನೆ, ಸಂಜೆ ಹೊತ್ತು ಕಲ್ಲಿನ ಕಟ್ಟೆಯ ಮೇಲೆ ನಡೆಯುತ್ತ ಕಡಲಿನ ಮಧ್ಯಕ್ಕೆ ಹೋಗುವುದು ಎಂದು ಶುರು ಮಾಡಿದೆ. ಅಷ್ಟರಲ್ಲಿ ಮಾತು ನಿಂತುಹೋಯಿತು. ಹನ್ನೊಂದು ಜನರ ಮುಂದೆ ಗಳಗಳನೆ ಅತ್ತೆ.

"ಹೋಗಮ್ಮ," ಅಂದಳು ಅಜ್ಜಿ. "ಅದು ಎಲ್ಲಿದೆಯೋ ಅಲ್ಲಿಗೆ ಹೋಗು. ನಾವು ಕಾಫಿ ಕುಡೀತಾ ಕೂತಿರ್ತೀವಿ."

ನಾನು ಓಡಿದೆ.

ಅದು ಶುರುವಾಗಿದ್ದು ಒಂದು ತಿಂಗಳ ಹಿಂದೆ, ಸ್ತೆಲಿಯೊನ ಅಡುಗೆಮನೆಯಲ್ಲಿ. ಬಂದರಿನ ಹಿಂದಿನ ಬೀದಿಯ ಖಾನಾವಳಿಯಲ್ಲಿ ಅವನು ಹಂದಿಮಾಂಸ ಬೇಯಿಸಿ ಹೋಳು ಮಾಡಿ ಕೊಡುತ್ತಾನೆ. ಅದರ ಮೇಲೆ ಕ್ರೆನ್ ಅನ್ನುವ ಖಾರದ ಬೇರನ್ನು ತುರಿದು ಹಾಕಬೇಕು. ತುರಿಯುವಾಗ ಎದುರಿಗಿದ್ದವರ ಕಣ್ಣಲ್ಲೂ ನೀರು ಬರುತ್ತದೆ. ಅವತ್ತು ಅವನು ತುರಿಯುತ್ತ, ಹಡಗಿನ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿದೆ, ಎಂಟು ತಿಂಗಳು, ಆಮೇಲೂ ಮುಂದುವರಿಯಬಹುದು ಎಂದ. ಆಮೇಲೆ ಕೈ ನಿಲ್ಲಿಸಿದ.

"ನೀನು ಬೇಡ ಅಂದ್ರೆ ಹೋಗಲ್ಲ ನೆರೀನಾ."

"ನಾನ್ಯಾಕೆ ಬೇಡ ಅನ್ನಲಿ? ನಿನ್ನ ಕಾಲು, ನಿನ್ನ ಹಡಗು."

"ನಿನ್ನ ಕಣ್ಣಲ್ಲಿ ನೀರು ಬರ್ತಿದೆ."

"ಕ್ರೆನ್ ಕಣೋ. ನಿನ್ನ ಕಣ್ಣಲ್ಲೂ ಬರ್ತಿದೆ ನೋಡ್ಕೋ."

ಅವನು ಮಣಿಕಟ್ಟಿನಿಂದ ಕಣ್ಣು ಒರೆಸಿಕೊಂಡು, ತುಟಿಯ ಒಂದು ಕೊನೆಯಲ್ಲಿ ನಕ್ಕ. ಆ ಅರ್ಧ ನಗುವಿಗೇ ನಾನು ಸೋತಿದ್ದು, ಆದರೆ ಅದನ್ನು ಅವನಿಗೆ ಹೇಳಿದವಳಲ್ಲ. ಆಮೇಲೆ ಮೆಲ್ಲಗೆ ಹೇಳಿದ, "ಎದುರಿಗೆ ಹೇಳೋಕೆ ಆಗ್ದಿದ್ರೆ ಬಿಡು. ಪೆದೊಚಿನ್‌ನಲ್ಲಿ ಗೋಡೆ ಹತ್ರ ನಿಂತು ಒಂದ್ಸಲ ನನ್ನ ಹೆಸರು ಕೂಗು, ಸಾಕು. ಹಡಗು ಹೊರಡೋ ತನಕ ದಿನಾ ಬೆಳಿಗ್ಗೆ ಆಚೆ ಕಡೆ ಇರ್ತೀನಿ."

ಪೆದೊಚಿನ್ ನಮ್ಮ ಹಳೇ ದೀಪಸ್ತಂಭದ ಪಕ್ಕದ ಈಜುದಂಡೆ. ಅದರ ನಟ್ಟನಡುವೆ ಎರಡಾಳೆತ್ತರದ ಬಿಳಿ ಗೋಡೆಯಿದೆ. ಬಲಕ್ಕೆ ಹೆಂಗಸರು, ಎಡಕ್ಕೆ ಗಂಡಸರು. ನಮ್ಮ ಮುತ್ತಜ್ಜಿಯರ ಕಾಲದಿಂದಲೂ ಹೀಗೇ. ತೆಗೆಯುವ ಮಾತೆತ್ತಿದರೆ ಮೊದಲು ಜಗಳಕ್ಕೆ ನಿಲ್ಲುವವರು ಹೆಂಗಸರೇ. ಗೋಡೆಯ ಬುಡದ ನೆರಳಿನಲ್ಲಿ ಮದುವೆಯಾದವರು ಕುರ್ಚಿ ಹಾಕಿಕೊಂಡಿರುತ್ತಾರೆ. ಊಟದ ಹೊತ್ತಿಗೆ ಗಂಡನ ಹೆಸರು ಹಿಡಿದು ಕೂಗುತ್ತಾರೆ, ಆಚೆಯಿಂದ ಉತ್ತರ ಬರುತ್ತದೆ. ಮದುವೆಯಾಗದ ಹುಡುಗಿ ಅಲ್ಲಿ ನಿಂತು ಒಬ್ಬನ ಹೆಸರು ಕೂಗಿದರೆ ಮುಗಿಯಿತು. ಸಂಜೆಗೆ ಬ್ರೆಡ್ ಅಂಗಡಿಯವನೂ ಶುಭಾಶಯ ಹೇಳುತ್ತಾನೆ.

ಆ ತಿಂಗಳು ನಾನು ದಿನವೂ ಹೋದೆ. ಕಲ್ಲುಹರಳಿನ ಮೇಲೆ ಮಲಗಿ ಗೋಡೆ ನೋಡುತ್ತಿದ್ದೆ. ಆಚೆಯಿಂದ ಅವನ ನಗು ಕೇಳಿಸುತ್ತಿತ್ತು. ಬಾಯಿ ತೆರೆಯುತ್ತಿದ್ದೆ, ಸುತ್ತ ಇದ್ದ ಹೆಂಗಸರನ್ನು ನೋಡಿ ಮುಚ್ಚುತ್ತಿದ್ದೆ. ನಾಳೆ ಕೂಗಿದರಾಯಿತು ಅಂದುಕೊಳ್ಳುತ್ತಿದ್ದೆ. ಕೊನೆಯ ವಾರ ಆ ನಗುವೂ ನಿಂತುಹೋಯಿತು.

ಬಾಗಿಲು ದಾಟಿದಾಗ ಹನ್ನೊಂದು ಹೊಡೆಯುತ್ತಿತ್ತು. ಉಚಾ ಚಿಕ್ಕಮ್ಮ ಎಂದಿನಂತೆ ಗೋಡೆಯ ಬುಡದಲ್ಲಿ ಕೂತು ಪೀಚ್ ಹಣ್ಣಿನ ಸಿಪ್ಪೆ ಸುಲಿಯುತ್ತಿದ್ದಳು. ಚಿಕ್ಕಪ್ಪ ತೀರಿಕೊಂಡು ಎರಡು ವರ್ಷವಾದರೂ ಕುರ್ಚಿಯ ಜಾಗ ಬದಲಾಗಿರಲಿಲ್ಲ. ನನ್ನ ಮುಖ ನೋಡಿದ್ದೇ ಅವಳಿಗೆ ಎಲ್ಲ ತಿಳಿಯಿತು.

"ಕೂಗೋದಾದ್ರೆ ಕೂಗು," ಅಂದಳು. "ನಂಗೆ ಕೂಗೋಕೆ ಈಗ ಯಾರೂ ಇಲ್ಲ. ನಿಂಗಿದ್ದಾನೆ."

ಕೂಗಿದೆ. ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ. ಈಚೆ ದಂಡೆಯ ನೂರು ಹೆಂಗಸರು ಒಟ್ಟಿಗೇ ನನ್ನ ಕಡೆ ತಿರುಗಿದರು.

"ಯಾವ ಸ್ತೆಲಿಯೊ?" ಎಂದು ಆಚೆಯಿಂದ ಮುದುಕನೊಬ್ಬ ಕೇಳಿದ. "ಇಲ್ಲಿ ಮೂವರಿದ್ದಾರೆ. ಒಬ್ಬನಿಗೆ ಎಂಬತ್ತು ದಾಟಿದೆ, ಬೇಕಾದ್ರೆ ಕರ್ಕೊಂಡು ಹೋಗು."

ಆಚೆ ನಗು. ಖಾನಾವಳಿಯ ಸ್ತೆಲಿಯೊ, ಅಡುಗೆಯವನು ಅಂದೆ. ನಗು ನಿಂತಿತು. ಅಲ್ಲಿ ಏನೋ ಗುಸುಗುಸು ನಡೆಯಿತು. ಆಮೇಲೆ ಮುದುಕ ಹೇಳಿದ, "ನೀರಲ್ಲಿದಾನೆ."

ಪೆದೊಚಿನ್‌ಗೆ ಬರುವ ಹೆಂಗಸರಿಗೆಲ್ಲ ಈ ಉತ್ತರ ಗೊತ್ತು. ಗಂಡ ಇಸ್ಪೀಟಾಡುತ್ತಿರಲಿ, ಗೊರಕೆ ಹೊಡೆಯುತ್ತಿರಲಿ, ಹೆಂಡತಿಯ ಜೊತೆ ಮಾತು ಬೇಡ ಎಂದು ಕೈಸನ್ನೆ ಮಾಡಿದರೆ ಸಾಕು, ಮಿಕ್ಕವರು ನೀರಲ್ಲಿದ್ದಾನೆ ಎಂದುಬಿಡುತ್ತಾರೆ. ನಲವತ್ತು ವರ್ಷ ಚಿಕ್ಕಪ್ಪ ನೀರಲ್ಲೇ ಇದ್ದದ್ದು, ಸತ್ತಾಗಲೂ ಅವನಿಗೆ ಸರಿಯಾಗಿ ಈಜು ಬರುತ್ತಿರಲಿಲ್ಲ.

ಹಾಗಾದರೆ ಅವನು ಗೋಡೆಯ ಆಚೆಯೇ ಕೂತಿದ್ದಾನೆ. ನಾನು ಬೇಡವಾಗಿದ್ದೇನೆ. ಮಾನ ಇದ್ದವಳು ಅಲ್ಲಿಂದಲೇ ಹಿಂದಿರುಗುತ್ತಿದ್ದಳು. ನನಗೆ ಮಾನ ಬೇಕಿರಲಿಲ್ಲ, ಅವನು ಬೇಕಾಗಿದ್ದ. ಎರಡೂ ಅಂಗೈ ಬಿಸಿ ಗೋಡೆಗೆ ಒತ್ತಿ ಇನ್ನೊಮ್ಮೆ ಕೂಗಿದೆ.

"ಅವನು ಕೇಳಿಸ್ಕೊಳ್ತಿದ್ರೆ ಕೇಳ್ಲಿ. ಹೋಗಬೇಡ ಅಂತ ಹೇಳಿ. ಅವತ್ತು ಕಣ್ಣಲ್ಲಿ ನೀರು ಬಂದಿದ್ದು ಕ್ರೆನ್‌ಗಲ್ಲ ಅಂತ ಹೇಳಿ. ಅವನಿಲ್ದೆ ನಂಗೆ ಈ ಊರಲ್ಲಿ ನೋಡೋಕೆ ಏನೂ ಇಲ್ಲ."

ಮುದುಕ ಕೆಮ್ಮಿದ. ಈ ಸಲ ಅವನ ದನಿಯಲ್ಲಿ ತಮಾಷೆ ಇರಲಿಲ್ಲ. "ಮಗಳೇ, ದೇವರಾಣೆಗೂ ನೀರಲ್ಲೇ ಇದ್ದಾನೆ. ತುಂಬ ದೂರ ಹೋಗಿದ್ದಾನೆ. ಅವನಿಗೆ ಏನೂ ಕೇಳಿಸಿಲ್ಲ."

ಸುಳ್ಳೇ ಆಗಿದ್ದರೆ ಚೆನ್ನಾಗಿತ್ತು. ತಿಂಗಳಿಡೀ ಅವನು ಕಿವಿಗೊಟ್ಟು ಕೂತಿದ್ದಾಗ ನಾನು ಕೂಗಲಿಲ್ಲ. ಕೂಗಿದಾಗ ಅವನ ಕಿವಿಯಲ್ಲಿ ನೀರಿತ್ತು.

ಗೈಡ್ ಅಂಗಿ, ಕೊರಳಿನ ಗುರುತಿನ ಚೀಟಿ ಎಲ್ಲ ಹಾಗೇ ಇಟ್ಟುಕೊಂಡು ಸಮುದ್ರಕ್ಕೆ ಇಳಿದೆ. ಗೋಡೆ ನೀರಿನೊಳಗೂ ಸ್ವಲ್ಪ ದೂರ ಹೋಗಿ ನಿಲ್ಲುತ್ತದೆ. ಅಲ್ಲಿಂದ ಮುಂದೆ ತೇಲುಬುಂಡೆ ಕಟ್ಟಿದ ಹಗ್ಗ. ಅದನ್ನು ಯಾರೂ ದಾಟುವ ಹಾಗಿಲ್ಲ. ಕಾವಲಿನವಳು ಸೀಟಿ ಊದುತ್ತಲೇ ಇದ್ದಳು, ನಾನು ಈಜುತ್ತಲೇ ಇದ್ದೆ. ಕೊನೆಯ ಬುಂಡೆಯ ಹತ್ತಿರ ಕೈ ಸೋತು ಹಗ್ಗ ಹಿಡಿದುಕೊಂಡೆ. ಬಿಸಿಲಿಗೆ ಕಡಲು ಕಣ್ಣು ಕುಕ್ಕುತ್ತಿತ್ತು. ಆ ಹೊಳಪಿನಲ್ಲಿ ಒಂದು ಕಪ್ಪು ತಲೆ ದಂಡೆಯ ಕಡೆ ಬರುತ್ತಿತ್ತು.

"ನೆರೀನಾ? ಬಟ್ಟೆ ಹಾಕ್ಕೊಂಡು ಈಜ್ತಿದೀಯಾ?"

"ನಾನು ಕೂಗಿದೆ. ನಿಂಗೆ ಕೇಳಿಸ್ಲಿಲ್ಲ."

ಅವನು ಹಗ್ಗ ಹಿಡಿದ. ನಮ್ಮ ಕೈಗಳ ನಡುವೆ ಒಂದೇ ಒಂದು ಬುಂಡೆ ಇತ್ತು. ಅವನ ರೆಪ್ಪೆಗಳ ಮೇಲೆ ನೀರಿನ ಹನಿ ನಿಂತಿತ್ತು.

"ನಿನ್ನೆ ತನಕ ಕಾದೆ," ಅಂದ. "ನಿನ್ನೆ ಸಂಜೆ ಇನ್ನು ಸಾಕು ಅನ್ಕೊಂಡೆ. ಇವತ್ತು ಕೊನೇ ಸಲ ಈಜೋಕೆ ಬಂದೆ, ಬ್ಯಾಗು ಇಲ್ಲೇ ಬಾಗಿಲ ಹತ್ರ ಇದೆ."

"ಹೋಗಬೇಡ."

"ನಿನ್ನ ಕಣ್ಣು ಕೆಂಪಾಗಿದೆ. ಉಪ್ಪು ನೀರಿಗಾ?"

"ಅಲ್ಲ. ಅಳ್ತಿದೀನಿ."

ಅವನು ಒದ್ದೆ ಬೆರಳಿನಿಂದ ನನ್ನ ಬೆರಳ ತುದಿಯನ್ನು ಒಮ್ಮೆ ಮುಟ್ಟಿದ. ಆಮೇಲೆ ಹಗ್ಗ ಬಿಟ್ಟು ತನ್ನ ದಂಡೆಯ ಕಡೆ ಈಜಿಕೊಂಡು ಹೋದ. ನಾನು ನನ್ನ ದಂಡೆಗೆ ಬಂದೆ.

ಚಿಕ್ಕಮ್ಮ ಟವೆಲ್ ಹೊದಿಸಿದಳು. ಆಚೆಯಿಂದ ಸ್ನಾನದ ನಲ್ಲಿ ಬಿಟ್ಟ ಸದ್ದು ಬಂತು, ಚಪ್ಪಲಿಯ ಸದ್ದು ಬಂತು. ಕಬ್ಬಿಣದ ಬಾಗಿಲು ಒಮ್ಮೆ ಕಿರುಗುಟ್ಟಿ ಮುಚ್ಚಿಕೊಂಡಿತು. ಹೋದ. ತಪ್ಪು ಅವನದಲ್ಲ. ಮೂವತ್ತು ದಿನ ಬಾಯಿ ಬಿಡದವಳ ಅರ್ಧ ಗಂಟೆಯ ಅಳುವನ್ನು ನಂಬಿ ಯಾರು ತಾನೇ ಉಳಿದಾರು? ಮಂಡಿಯಲ್ಲಿ ಮುಖ ಹುದುಗಿಸಿ ಕೂತೆ.

ಹನ್ನೆರಡಕ್ಕೆ ಸರಿಯಾಗಿ ದೀಪಸ್ತಂಭದ ಹಿಂದಿನಿಂದ ಹಡಗಿನ ಕೂಗು ಬಂತು. ಸ್ವಲ್ಪ ಹೊತ್ತಿಗೆ ಮತ್ತೊಂದು, ಈ ಸಲ ದೂರದಿಂದ. ನಾನು ಎದ್ದು ಗೋಡೆಗೆ ಹಣೆ ಹಚ್ಚಿದೆ. ಉತ್ತರ ಬರುತ್ತದೆ ಎಂದು ಕೂಗಿದ್ದಲ್ಲ. ಅವನ ಹೆಸರು ಹೇಳದೆ ನಿಲ್ಲಲು ಆಗಲಿಲ್ಲ, ಅಷ್ಟೇ.

"ಸ್ತೆಲಿಯೊ."

"ನೀರಲ್ಲಿ..." ಎಂದು ಮುದುಕ ಅಭ್ಯಾಸಬಲದಿಂದ ಶುರು ಮಾಡಿದ. ಯಾರೋ ಅವನನ್ನು ತಡೆದರು. ಗೋಡೆಗೆ ತೀರ ಹತ್ತಿರದಿಂದ, ನನ್ನ ಹಣೆಯ ಎತ್ತರದಲ್ಲೇ, ಇನ್ನೊಂದು ಧ್ವನಿ ಬಂತು.

"ಇಲ್ಲೇ ಇದೀನಿ ಕಣೇ."

ಚಿಕ್ಕಮ್ಮ ಎದ್ದಳು. ತನ್ನ ಕುರ್ಚಿಯನ್ನು ಪಕ್ಕಕ್ಕೆ ಎಳೆದುಕೊಂಡು, ಗೋಡೆಯ ಬುಡದ ನೆರಳಿನಲ್ಲಿ ನನಗೆ ಜಾಗ ಮಾಡಿಕೊಟ್ಟಳು.